ಹೊಯ್ಸಳ ಗುಡಿಗೆ ಆಸಿಡ್ ಹಾಕಬೇಡಿ

ಪ್ರಶ್ನೆ: ನಮ್ಮೂರಿನ ಹೊಯ್ಸಳರ ಕಾಲದ ಗುಡಿಗೆ ಪದರ ಪದರವಾಗಿ ಸುಣ್ಣ ಬಳಿದಿದ್ದಾರೆ. ಜೀರ್ಣೋದ್ಧಾರ ಸಮಿತಿಯವರು ಸ್ಯಾಂಡ್ ಬ್ಲಾಸ್ಟಿಂಗ್ ಅನ್ನುತ್ತಾರೆ, ಗುತ್ತಿಗೆದಾರ ಆಸಿಡ್ ಸಾಕು ಅನ್ನುತ್ತಾನೆ. ಯಾವುದು ಮೇಲು?

ಎರಡೂ ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅಷ್ಟರಲ್ಲಿ ಇನ್ನೊಂದು ಗುಡಿಯ ಮುಖ ಸವೆದಿರುತ್ತದೆ.

ಹೊಯ್ಸಳರ ರೂವಾರಿಗಳು, ಅಂದರೆ ಶಿಲ್ಪಿಗಳು, ನೆಚ್ಚಿದ್ದು ಬಳಪದ ಕಲ್ಲನ್ನು. ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಲು ಬಿಟ್ಟುಕೊಟ್ಟದ್ದು ಅದರ ಮೆದುತನವೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರೊಳಗಿನ ಖನಿಜಗಳಾದ ಟಾಲ್ಕ್ 1, ಕ್ಲೋರೈಟ್ 2ರಿಂದ 2.5, ನಿಮ್ಮ ಉಗುರೂ ಸುಮಾರು 2.5. ಮರಳಿನ ಕಣ 7. ಆ ಮರಳನ್ನು ಗಾಳಿಯ ರಭಸದಲ್ಲಿ ಹೊಡೆದರೆ ಸುಣ್ಣದ ಜೊತೆ ಮೂಗು, ಬೆರಳು, ಸರದ ಮಣಿ ಎಲ್ಲ ನುಣ್ಣಗಾಗುತ್ತವೆ. ಆಸಿಡ್ ಸುಣ್ಣ ತಿಂದು ಅಲ್ಲಿಗೇ ನಿಲ್ಲುವುದಿಲ್ಲ. ಕ್ಲೋರೈಟನ್ನೂ ಕೊರೆದು ಅದರ ಕಬ್ಬಿಣ ಹೊರಬಿಟ್ಟು ತುಕ್ಕಿನ ಕಲೆ ಮಾಡುತ್ತದೆ. ಆಸಿಡ್ ಸುಣ್ಣ ಸೇರಿ ಹುಟ್ಟಿ ಒಳಗೆ ಇಳಿದ ಲವಣ ಬೇಸಿಗೆಯಲ್ಲಿ ಹರಳುಗಟ್ಟಿ ಕಲ್ಲಿನ ಪದರ ಎಬ್ಬಿಸುತ್ತದೆ.

ಹೋಗುವುದು ಅಂದ ಮಾತ್ರವಲ್ಲ. ವಿಗ್ರಹದ ಪೀಠದಂಚಿನಲ್ಲಿ ತೆಳುವಾಗಿ ಕೊರೆದ ಹಳಗನ್ನಡ ಅಕ್ಷರಗಳಿರುತ್ತವೆ, ರೂವಾರಿಯ ಸಹಿ. ಮಲ್ಲಿತಮ್ಮನೆಂಬ ಶಿಲ್ಪಿ 1196ರ ಅಮೃತಪುರದ ಗುಡಿಯಿಂದ 1258ರ ಸೋಮನಾಥಪುರದ ಗುಡಿಯವರೆಗೆ ಕೆಲಸ ಮಾಡಿದನೆಂದು ತಿಳಿದದ್ದು ಇಂಥ ಅಕ್ಷರಗಳಿಂದಲೇ. ನಿಮ್ಮ ಸುಣ್ಣದಡಿಯೂ ಅಂಥದೊಂದು ಹೆಸರಿರಬಹುದು.

ಮಾಡುವುದು ಹೀಗೆ. ಮೊದಲು ಪುರಾತತ್ವ ಇಲಾಖೆಗೆ ಬರೆಯಿರಿ. ರಕ್ಷಿತ ಸ್ಮಾರಕವನ್ನು ಅನುಮತಿಯಿಲ್ಲದೆ ಮುಟ್ಟುವುದು ಅಪರಾಧ. ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಚಾವಣಿ ಸೋರುತ್ತಿದ್ದರೆ ಅದು ಮೊದಲು ನಿಲ್ಲಲಿ. ಆಮೇಲೆ ಅನುಭವವಿರುವ ಸಂರಕ್ಷಕರನ್ನು ಕರೆಸಿ, ಹಿಂಬದಿಯಲ್ಲಿ ಕೆತ್ತನೆಯಿಲ್ಲದ ಕಡೆ 10 ಸೆಂ.ಮೀ. ಚೌಕದಲ್ಲಿ ಪರೀಕ್ಷೆ ಮಾಡಿಸಿ. ಶುದ್ಧ ನೀರಲ್ಲಿ ನೆನೆಸಿದ ಕಾಗದದ ತಿರುಳನ್ನು ಸುಣ್ಣದ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡಬೇಕು. ಮೆತ್ತಗಾದ ಸುಣ್ಣವನ್ನು ಬಿದಿರಿನ ಚಕ್ಕೆಯನ್ನು ಕಲ್ಲಿಗೆ ಆದಷ್ಟು ಮಲಗಿಸಿ ಹಿಡಿದು ಎಬ್ಬಿಸಬೇಕು. ಚಕ್ಕೆ ನೆಟ್ಟಗಾದರೆ ಗೀರು ಬೀಳುತ್ತದೆ. ಆಮೇಲೆ ಮೃದುವಾದ ನೈಲಾನ್ ಬ್ರಷ್, ಒದ್ದೆ ಸ್ಪಂಜು. ತಂತಿ ಬ್ರಷ್, ಕಬ್ಬಿಣದ ಉಳಿ, ಪ್ರೆಶರ್ ವಾಷರ್ ಗುಡಿಯ ಆವರಣಕ್ಕೇ ಬರಬಾರದು. ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ ಎಂದರ್ಥ. ಅಲ್ಲಿ ಕೈ ಹಾಕಬೇಡಿ. ಕೊನೆಯ ತೆಳು ಸುಣ್ಣ ಬಿಡದೆ ಹಟ ಮಾಡಿದರೆ ಹಾಗೇ ಇರಲಿ. ಇದು ನಿಧಾನದ ಕೆಲಸ. ಜಾತ್ರೆಯೊಳಗೆ ಮುಗಿಸಿಕೊಡುತ್ತೇನೆ ಅನ್ನುವವನನ್ನು ಮನೆಗೆ ಕಳಿಸಿ.

ಸಂದಿಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ ಸಾಕು. ಸಿಮೆಂಟ್ ನೀರನ್ನು ಹೊರಬಿಡದು, ಜೊತೆಗೆ ತನ್ನ ಲವಣವನ್ನೂ ಕಲ್ಲಿಗೆ ಕೊಡುತ್ತದೆ.

ಪ್ರಶ್ನೆ: ಬೇಲೂರನ್ನು ಕೆತ್ತಿದವನು ಜಕಣಾಚಾರಿಯೇ?

ಅಲ್ಲಿನ ಶಿಲ್ಪಗಳ ಸಹಿಗಳಲ್ಲಿ ಆ ಹೆಸರಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ, ಅವರನ್ನು ನೆನೆಯಿರಿ.

ಪ್ರಶ್ನೆ: ಕಲ್ಲನ್ನು ಕರಗಿಸಿ ಅಚ್ಚಿಗೆ ಹೊಯ್ದರಂತೆ, ನಿಜವೇ?

ಸುಳ್ಳು. ಕರಗಿಸಿ ಹೊಯ್ದಿದ್ದರೆ ಕಲ್ಲಿನ ಪದರಗಳೇ ಉಳಿಯುತ್ತಿರಲಿಲ್ಲ. ಹಳೇಬೀಡಿನಲ್ಲಿ ಅರ್ಧ ಕೆತ್ತಿ ಬಿಟ್ಟ ಭಾಗಗಳಿವೆ, ಹೋಗಿ ನೋಡಿ.

ಪ್ರಶ್ನೆ: ಸುಣ್ಣ ತೆಗೆದ ಮೇಲೆ ಹೊಳಪಿಗೆ ಎಣ್ಣೆ ಹಚ್ಚಬಹುದೇ?

ಹೊರಗೋಡೆಗೆ ಖಂಡಿತ ಬೇಡ. ಎಣ್ಣೆ ಧೂಳು ಹಿಡಿದು ಕಪ್ಪು ಅಂಟಾಗುತ್ತದೆ, ಆ ಜಿಡ್ಡು ಬಿಡಿಸುವುದು ಸುಣ್ಣಕ್ಕಿಂತ ಕಷ್ಟ.