ಬ್ರಿಟನ್ನಿನ ಸೆಸಿಲ್ ಮನೆತನ ನಾನೂರು ವರ್ಷ ರಾಜಕೀಯದಲ್ಲಿ ಉಳಿದಿದ್ದು ಹೇಗೆ?

ಒಂದನೇ ಎಲಿಜಬೆತ್ ರಾಣಿಯ ಕಾಲದಿಂದ ಪ್ರಧಾನಿ ಟೋನಿ ಬ್ಲೇರ್ ಕಾಲದವರೆಗೂ ಒಂದೇ ಮನೆತನ ಅಧಿಕಾರದ ಹತ್ತಿರ ಇತ್ತಂತೆ, ನಿಜವಾ, ಅಷ್ಟೊಂದು ಬುದ್ಧಿವಂತರೇ ಹುಟ್ಟುತ್ತಾ ಬಂದರಾ ಅಂತ ಕೇಳಿದ್ದೀರಿ.

ಮನೆತನ ಇದ್ದಿದ್ದು ನಿಜ. ಬುದ್ಧಿವಂತರ ಸಾಲು ಮಾತ್ರ ಸುಳ್ಳು. ನನ್ನ ಪ್ರಕಾರ ಅವರನ್ನು ಉಳಿಸಿದ್ದು ಜಮೀನು. ಆಮೇಲೆ, ಯಾವಾಗ ಎಷ್ಟು ಬಿಟ್ಟುಕೊಡಬೇಕು ಅನ್ನೋ ಲೆಕ್ಕ.

ಶುರುವಾಗಿದ್ದು ವಿಲಿಯಂ ಸೆಸಿಲ್‌ನಿಂದ. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಕೂಡಲೇ ಇವನನ್ನು ಕಾರ್ಯದರ್ಶಿ ಮಾಡಿಕೊಂಡಳು. 1572ರಲ್ಲಿ ಖಜಾನೆಯೂ ಇವನ ಕೈಗೆ ಬಂತು. 1598ರಲ್ಲಿ ಸಾಯುವವರೆಗೂ ರಾಣಿ ಇವನನ್ನು ಬಿಡಲಿಲ್ಲ. ದೊಡ್ಡ ಮಗ ಥಾಮಸ್‌ಗೆ ಬರ್ಲಿ ಬಂಗಲೆ ಹೋಯಿತು. ರಾಜಕೀಯ ಒಲಿದಿದ್ದು ಚಿಕ್ಕವನಾದ ರಾಬರ್ಟ್‌ಗೆ. ಕುಳ್ಳ, ಬೆನ್ನು ಸ್ವಲ್ಪ ಗೂನು, ಆದರೆ ತಲೆ ಬಹಳ ಚುರುಕು. ರಾಣಿಗೆ ಮಕ್ಕಳಿಲ್ಲ, ಮುಂದಿನ ರಾಜ ಯಾರು ಅಂತ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ರಾಬರ್ಟ್ ಸದ್ದಿಲ್ಲದೆ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಜೊತೆ ಗುಟ್ಟಿನ ಪತ್ರವ್ಯವಹಾರ ಇಟ್ಟುಕೊಂಡ. 1603ರಲ್ಲಿ ರಾಣಿ ತೀರಿಕೊಂಡಾಗ ಜೇಮ್ಸ್ ಬಂದು ಸಿಂಹಾಸನದ ಮೇಲೆ ಕೂತ, ಯಾವ ಯುದ್ಧವೂ ಆಗಲಿಲ್ಲ. ಎರಡು ವರ್ಷಕ್ಕೆ ರಾಬರ್ಟ್‌ಗೆ ಸಾಲ್ಸ್‌ಬರಿಯ ಅರ್ಲ್ ಅನ್ನೋ ದೊಡ್ಡ ಬಿರುದು ಸಿಕ್ಕಿತು. ಅವನ ಥಿಯೊಬಾಲ್ಡ್ಸ್ ಬಂಗಲೆ ಮೇಲೆ ರಾಜನಿಗೆ ಮನಸ್ಸಾಯಿತು. 1607ರಲ್ಲಿ ರಾಬರ್ಟ್ ಅದನ್ನು ರಾಜನಿಗೆ ಕೊಟ್ಟು ಬದಲಿಗೆ ಹ್ಯಾಟ್‌ಫೀಲ್ಡ್ ತೆಗೆದುಕೊಂಡ. ಅಲ್ಲಿ ಹೊಸ ಬಂಗಲೆ ಕಟ್ಟಿಸಿ, ಅದು ಮುಗಿದ ಮರುವರ್ಷವೇ, 1612ರಲ್ಲಿ, ಸತ್ತ.

ಅಲ್ಲಿಂದ ಮುಂದೆ ಸುಮಾರು ಇನ್ನೂರೈವತ್ತು ವರ್ಷ ಹೇಳಿಕೊಳ್ಳುವಂಥ ತಲೆ ಒಂದೂ ಇಲ್ಲ. ಆದರೂ ಮನೆ ಮುಳುಗಲಿಲ್ಲ. ನಮ್ಮಲ್ಲಾಗಿದ್ದರೆ ಮೂರು ತಲೆಮಾರಿಗೆ ಪಾಲಾಗಿ ಹೊಲದ ಬದುವಿಗೂ ಕೋರ್ಟ್ ಹತ್ತಿರುತ್ತಿದ್ದರು. ಅಲ್ಲಿ ಹಾಗಲ್ಲ. ಜಮೀನು, ಬಂಗಲೆ, ಬಿರುದು ಎಲ್ಲ ದೊಡ್ಡ ಮಗನಿಗೆ. ಜೊತೆಗೆ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಒಂದು ಸೀಟು, ಚುನಾವಣೆಯ ಗೊಡವೆಯೇ ಇರಲಿಲ್ಲ. ದಡ್ಡ ಹುಟ್ಟಿದರೂ ಸೀಟು ಕಾದಿರುತ್ತಿತ್ತು. 1789ರಲ್ಲಿ ಅರ್ಲ್‌ಗಿಂತ ಮೇಲಿನ ಮಾರ್ಕ್ವೆಸ್ ಪದವಿಯೂ ಬಂತು. 1821ರಲ್ಲಿ ಗ್ಯಾಸ್ಕೊಯ್ನ್ ಅನ್ನೋ ಶ್ರೀಮಂತರ ಮನೆಯ ಮಗಳನ್ನು ತಂದುಕೊಂಡರು. ಆ ಆಸ್ತಿ ಎಷ್ಟಿತ್ತೆಂದರೆ ಮನೆತನದ ಹೆಸರೇ ಗ್ಯಾಸ್ಕೊಯ್ನ್-ಸೆಸಿಲ್ ಅಂತ ಆಯಿತು.

ಆ ಮದುವೆಯ ಮಗನೇ ಮೂರನೇ ಮಾರ್ಕ್ವೆಸ್, ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ. ಇವನು ವಾರಸುದಾರನೇ ಅಲ್ಲ. ಅಪ್ಪನಿಗೆ ಇಷ್ಟವಿಲ್ಲದ ಮದುವೆ ಮಾಡಿಕೊಂಡು, ಪತ್ರಿಕೆಗಳಿಗೆ ಬರೆದು ಸಂಸಾರ ನಡೆಸುತ್ತಿದ್ದವನು. 1865ರಲ್ಲಿ ಅಣ್ಣ ತೀರಿಕೊಂಡ, ಮೂರು ವರ್ಷಕ್ಕೆ ಅಪ್ಪನೂ ಹೋದ. 1885ರಿಂದ 1902ರ ನಡುವೆ ಮೂರು ಸಲ ಪ್ರಧಾನಿಯಾಗಿ ಒಟ್ಟು ಹದಿಮೂರು ವರ್ಷಕ್ಕೂ ಜಾಸ್ತಿ ಆಳಿದ. ಹ್ಯಾಟ್‌ಫೀಲ್ಡ್ ಬಂಗಲೆಗೆ ವಿದ್ಯುತ್ ದೀಪ ಹಾಕಿಸಿದವನೂ ಇವನೇ. ತಂತಿಯಿಂದ ಕಿಡಿ ಹಾರಿದಾಗ ಮನೆಯವರು ದಿಂಬು ಎಸೆದು ಆರಿಸುತ್ತಿದ್ದರಂತೆ!

ನಮಗೆ ಇವನ ಇನ್ನೊಂದು ಮುಖ ಗೊತ್ತಿರಬೇಕು. 1866ರಲ್ಲಿ ಭಾರತದ ಮಂತ್ರಿ, ಅಂದರೆ ಲಂಡನ್ನಿನಲ್ಲಿ ಕೂತು ಭಾರತದ ಆಡಳಿತ ನೋಡುವ ಮಂತ್ರಿ, ಆದಾಗ ಒಡಿಶಾದಲ್ಲಿ ಭೀಕರ ಬರ. ಅಧಿಕಾರಿಗಳ ಮಾತು ನಂಬಿ ಎರಡು ತಿಂಗಳು ಸುಮ್ಮನೆ ಕೂತ. ಅಷ್ಟರಲ್ಲಿ ಮಳೆಗಾಲ ಬಂದು ಬಂದರುಗಳು ಮುಚ್ಚಿದವು, ಹತ್ತು ಲಕ್ಷದಷ್ಟು ಜನ ಸತ್ತರು. ಆ ತಪ್ಪು ಕೊನೆಯವರೆಗೂ ಅವನನ್ನು ಕಾಡಿತು. ಆದರೆ 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಧಾತು-ಈಶ್ವರ ಸಂವತ್ಸರದ ಬರದಲ್ಲೂ ಹೆಚ್ಚುಕಡಿಮೆ ಪೂರ್ತಿ ಇವನೇ ಭಾರತದ ಮಂತ್ರಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಪಶ್ಚಾತ್ತಾಪದಿಂದ ಏನು ಬಂತು ಹೇಳಿ.

ಇಷ್ಟಕ್ಕೇ ಮುಗಿಯಲಿಲ್ಲ. 1888ರಲ್ಲಿ ಎಡಿನ್‌ಬರೋದಲ್ಲಿ ಮಾತಾಡುತ್ತಾ, ಒಬ್ಬ ಕರಿಯನನ್ನು ಆರಿಸುವ ಮಟ್ಟಕ್ಕೆ ಬ್ರಿಟಿಷ್ ಮತದಾರರು ಇನ್ನೂ ಬಂದಿಲ್ಲ ಅಂದ. ಗುರಿ ಬ್ರಿಟಿಷ್ ಸಂಸತ್ತಿನ ಚುನಾವಣೆಗೆ ನಿಂತಿದ್ದ ದಾದಾಭಾಯಿ ನವರೋಜಿ. 1892ರಲ್ಲಿ ನವರೋಜಿ ಲಂಡನ್ನಿನ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಸಾಲ್ಸ್‌ಬರಿಯ ಸರ್ಕಾರ ಬಿತ್ತು.

ಮತ್ತೆ ಅಧಿಕಾರಕ್ಕೆ ಬಂದಾಗ ಮಂತ್ರಿಮಂಡಲದ ತುಂಬ ನೆಂಟರು. ಜನ ಅದನ್ನು ‘ಹೋಟೆಲ್ ಸೆಸಿಲ್’ ಅಂತ ಗೇಲಿ ಮಾಡಿದರು. 1902ರಲ್ಲಿ ಪ್ರಧಾನಿ ಪಟ್ಟ ಸೀದಾ ಅಕ್ಕನ ಮಗ ಬಾಲ್ಫೋರ್‌ಗೆ ಹೋಯಿತು. ಸಾಲ್ಸ್‌ಬರಿಯ ಮಕ್ಕಳಲ್ಲಿ ರಾಬರ್ಟ್ ಮಾತ್ರ ಬೇರೆ ದಾರಿ ಹಿಡಿದು, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ಗಾಗಿ ದುಡಿದು 1937ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ.

ಇನ್ನು ಬಿಟ್ಟುಕೊಡುವ ಲೆಕ್ಕ. 1945ರಲ್ಲಿ ಲೇಬರ್ ಪಕ್ಷ ಭರ್ಜರಿಯಾಗಿ ಗೆದ್ದಿತು, ಲಾರ್ಡ್ಸ್‌ನಲ್ಲಿ ಮಾತ್ರ ಸೆಸಿಲ್‌ಗಳ ಪಕ್ಷವಾದ ಕನ್ಸರ್ವೇಟಿವ್‌ನವರೇ ತುಂಬಿದ್ದರು. ಅಡ್ಡಗಾಲು ಹಾಕಿದ್ದರೆ ಆ ಸದನಕ್ಕೇ ಕುತ್ತು ಬರುತ್ತಿತ್ತು. ಆಗ ಅಲ್ಲಿ ಕನ್ಸರ್ವೇಟಿವ್ ನಾಯಕನಾಗಿದ್ದವನು ಹಿಂದಿನ ಪ್ರಧಾನಿ ಸಾಲ್ಸ್‌ಬರಿಯ ಮೊಮ್ಮಗ. ಅವನು, ಸರ್ಕಾರ ಪ್ರಣಾಳಿಕೆಯಲ್ಲಿ ಹೇಳಿದ ಮಸೂದೆಯನ್ನು ನಾವು ಬೀಳಿಸುವುದಿಲ್ಲ ಅಂತ ಒಪ್ಪಿಕೊಂಡ. ಅದಕ್ಕೆ ಸಾಲ್ಸ್‌ಬರಿ ಸಂಪ್ರದಾಯ ಅನ್ನೋ ಹೆಸರೇ ಬಿತ್ತು. 1998ರಲ್ಲಿ, ಲಾರ್ಡ್ಸ್‌ನಲ್ಲಿ ಅದೇ ನಾಯಕನ ಹುದ್ದೆಯಲ್ಲಿದ್ದ ಅವನ ಮೊಮ್ಮಗನ ಸರದಿ. ವಂಶಪಾರಂಪರ್ಯದ ಲಾರ್ಡ್‌ಗಳನ್ನೆಲ್ಲ ಹೊರಹಾಕಲು ಬ್ಲೇರ್ ಹೊರಟಾಗ, ತನ್ನ ಪಕ್ಷದ ನಾಯಕ ವಿಲಿಯಂ ಹೇಗ್‌ಗೂ ತಿಳಿಸದೆ ಬ್ಲೇರ್ ಜೊತೆ ಒಪ್ಪಂದ ಮಾಡಿಕೊಂಡ: ನೂರಾರು ಜನ ಹೋಗಲಿ, 92 ಜನ ಉಳಿಯಲಿ. ಹೇಗ್ ಅವನನ್ನು ಹುದ್ದೆಯಿಂದ ಕಿತ್ತುಹಾಕಿದ. 1999ರ ಕಾನೂನಿನಲ್ಲಿ ಆ 92 ಸೀಟು ಉಳಿದವು.