ತಾತನ ಹೆಸರಲ್ಲೇ ಪಹಣಿ ಇದ್ದರೆ ಏನು ನಷ್ಟ?

ಪಹಣಿ (ಜಮೀನಿನ ಆರ್‌ಟಿಸಿ ದಾಖಲೆ) ಇನ್ನೂ ತಾತನ ಹೆಸರಲ್ಲೇ ಇದೆ, ಉಳುತ್ತಿರುವುದು ನಾವೇ, ಯಾರ ತಕರಾರೂ ಇಲ್ಲ, ಖಾತೆ ಬದಲಾವಣೆಗೆ ಅಂತ ಸುಮ್ನೆ ಯಾಕೆ ಓಡಾಡಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಓಡಾಡಿ. ನಮ್ಮ ಮನೆಯಲ್ಲಿ ಎರಡು ತಲೆಮಾರು ಇದನ್ನು ಅನುಭವಿಸಿದೆ.

ನಮ್ಮದು ದಕ್ಷಿಣ ಕನ್ನಡ. ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿಗಳು ಬೇಡ ಅಂದರೆ ಜಾಗ ಬಿಡಬೇಕಾದ ಗೇಣಿದಾರ. ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಂತ ಧಣಿಗಳಿಗೆ ಕೊಡಬೇಕು. ಮೂಲಗೇಣಿಯವರನ್ನು, ಅಂದರೆ ಕಾಯಂ ಗೇಣಿದಾರರನ್ನು, ಸುಲಭಕ್ಕೆ ಎಬ್ಬಿಸುವಂತಿರಲಿಲ್ಲ, ಚಾಲಗೇಣಿಯವರಿಗೆ ಆ ಭರವಸೆ ಇರಲಿಲ್ಲ. ಹಾಗಾಗಿ ಅಜ್ಜ ಭತ್ತ ಬಿಟ್ಟು ಬೇರೇನೂ ಹಾಕಲಿಲ್ಲ. ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಜಾಗ ಕೈಯಲ್ಲಿ ಇರುತ್ತದೋ ಇಲ್ಲವೋ! 1974ರ ಮಾರ್ಚ್ 1ಕ್ಕೆ ಉಳುವ ಗೇಣಿದಾರರಿಗೇ ಭೂಮಿ ಕೊಡುವ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಅಜ್ಜ ಡಿಕ್ಲರೇಶನ್ (ಭೂಮಿಗಾಗಿ ಅರ್ಜಿ) ಕೊಟ್ಟರು, ಭೂನ್ಯಾಯ ಮಂಡಳಿಯ ಟ್ರಿಬ್ಯೂನಲ್‌ನಲ್ಲಿ ಜಾಗ ಅವರದ್ದಾಯಿತು. ಮುಂದಿನ ಬೇಸಿಗೆಯಲ್ಲೇ ಬಾವಿ ತೋಡಿಸಿದರು, ಆಮೇಲೆ ಅಡಿಕೆ ಇಟ್ಟರು. ಬ್ಯಾಂಕ್ ಸಾಲ ಎಲ್ಲ ಬಂದದ್ದು ಎಷ್ಟೋ ವರ್ಷದ ನಂತರ. ಬಾವಿಗೆ ಹೋದದ್ದು ಅಜ್ಜಿಯ ಬಳೆ. ಧಣಿಗಳ ಜಾಗದಲ್ಲಿ ಬಾವಿ ತೋಡಲು ಅಜ್ಜಿ ಬಳೆ ಬಿಚ್ಚಿ ಕೊಡುತ್ತಿದ್ದರಾ? ಇಲ್ಲ ಅಲ್ವಾ.

ಎರಡನೆಯದು ಅಪ್ಪನ ಕಾಲದ್ದು, ನಿಮ್ಮ ಹಾಗೆಯೇ. ಅಜ್ಜ ತೀರಿಕೊಂಡ ಮೇಲೆ ಖಾತೆ ಬದಲಾಗಲಿಲ್ಲ. ಕೊಳವೆಬಾವಿ, ಹನಿ ನೀರಾವರಿಗೆ ಅಂತ ಅಪ್ಪ ಸಾಲ ಕೇಳಿದರು. ಬ್ಯಾಂಕಿನವರು ನೋಡುವುದು ಪಹಣಿಯ 9ನೇ ಕಾಲಂ, ಅಂದರೆ ಮಾಲೀಕರ ಹೆಸರು. ಆಮೇಲೆ 11ನೇ ಕಾಲಂನ ಋಣ. ತೀರಿಕೊಂಡವರ ಹೆಸರಿನಲ್ಲಿ ಅಡಮಾನ ಆಗುವುದಿಲ್ಲ, ವಾರಸುದಾರರೆಲ್ಲ ಸಹಿ ಹಾಕಬೇಕು ಅಂದರು. ಒಬ್ಬ ಚಿಕ್ಕಪ್ಪ ಮುಂಬೈಯಲ್ಲಿ, ಇನ್ನೊಬ್ಬರ ಜೊತೆ ಮಾತಿಲ್ಲ. ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಗೆ ಬೆಳೆ ಸಾಲ ಸಿಗುವ ಕಾಲದಲ್ಲಿ ಅಪ್ಪ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಕೈಸಾಲ ತಂದರು. ವರ್ಷಕ್ಕೆ 36 ಪರ್ಸೆಂಟ್! ತೋಟದ ದುಡ್ಡೆಲ್ಲ ಅದಕ್ಕೇ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಲೆಯ ವಿಷಯವೂ ಅಷ್ಟೇ. ಒಂದೇ ಸರ್ವೆ ನಂಬರಿನ ಅಕ್ಕಪಕ್ಕದ ಜಾಗ, ಒಂದೇ ನೀರು. ಪೋಡಿ, ಅಂದರೆ ಅವರವರ ಪಾಲನ್ನು ಅಳೆದು ಪ್ರತ್ಯೇಕ ಮಾಡುವುದು (ನಮ್ಮ ಕಡೆ ಪ್ಲಾಟಿಂಗ್ ಅಂತೇವೆ), ಆಗದ್ದಕ್ಕೆ ಬೆಲೆ ಕಡಿಮೆ. ಮುಂದೆ ಬರಬಹುದಾದ ಕೋರ್ಟ್ ಖರ್ಚನ್ನು ಕೊಳ್ಳುವವರು ಮೊದಲೇ ಕಳೆದುಬಿಡುತ್ತಾರೆ.

ಒಂದು ಎಚ್ಚರಿಕೆ. ಪಹಣಿಯಲ್ಲಿ ಹೆಸರು ಬಂದ ಕೂಡಲೇ ಮಾಲೀಕತ್ವ ಪಕ್ಕಾ ಆಗುವುದಿಲ್ಲ. ಬೇರೆ ದಾಖಲೆ ಅದನ್ನು ಸುಳ್ಳು ಅಂತ ತೋರಿಸುವ ತನಕ ಮಾತ್ರ ಅದು ಸರಿ ಅಂತ ಕಾನೂನು ಭಾವಿಸುತ್ತದೆ. ಅದಕ್ಕೇ ಪೌತಿ ಖಾತೆಯಲ್ಲೇ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದರಲ್ಲೇ) ನಿಲ್ಲಿಸಬೇಡಿ. ಮರಣ ಪತ್ರ, ವಂಶವೃಕ್ಷ ಕೊಟ್ಟು ಮೊದಲು ಅದನ್ನು ಮಾಡಿಸಿ. ನಂತರ 11ಇ ನಕ್ಷೆ (ಪಾಲುಗಳನ್ನು ಗುರುತಿಸುವ ಸರ್ವೆ ನಕ್ಷೆ) ತೆಗೆಸಿ ವಿಭಾಗ ಪತ್ರ, ಅಂದರೆ ಪಾಲುಪಟ್ಟಿ, ನೋಂದಣಿ ಮಾಡಿಸಿ. ಪೋಡಿ ಆಮೇಲೆ. ವಂಶವೃಕ್ಷದಲ್ಲಿ ಅತ್ತೆಯಂದಿರ (ಅಪ್ಪನ ಅಕ್ಕತಂಗಿಯರ) ಹೆಸರು ಬಿಡಲೇಬೇಡಿ. ಅವರಿಗೂ ಪಾಲಿದೆ. ನಮ್ಮ ಮನೆಯಲ್ಲಿ ಒಬ್ಬ ಅತ್ತೆಯ ಹೆಸರು ಬಿಟ್ಟು, ಮತ್ತೆ ಮೊದಲಿನಿಂದ ಎಲ್ಲ ಮಾಡಿಸಬೇಕಾಯಿತು.