ಸ್ವರ ಸಂದೇಹ

ಪ್ರಶ್ನೆ: ಗಣೇಶನ ಪೆಂಡಾಲುಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗೆಳೆಯ ಗಿಟಾರಿನಲ್ಲಿ ಸಿ, ಜಿ, ಎ ಮೈನರ್, ಎಫ್ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಸುತ್ತಿ ಸುತ್ತಿ ಬಾರಿಸುತ್ತಾನೆ. ಅದರ ಮೇಲೆ ಶಂಕರಾಭರಣ ರಾಗದ ಸ್ವರಗಳಲ್ಲೇ ಮನೋಧರ್ಮದಿಂದ, ಅಂದರೆ ಆಗಿಂದಾಗ ಹೊಳೆದಂತೆ, ನುಡಿಸಿದರೂ ಅಲ್ಲಲ್ಲಿ ಕರ್ಕಶವಾಗುತ್ತದೆ. ಏಕೆ?
— ಓದುಗ, ಗುಬ್ಬಿ

ಉತ್ತರ: ರಾಗ ಸರಿಯಾಗಿಯೇ ಹಿಡಿದಿದ್ದೀರಿ, ನಿಲ್ಲುವ ಜಾಗ ನೋಡಿಕೊಂಡಿಲ್ಲ. ತಂಬೂರಿಯ ಶ್ರುತಿ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ. ಕಾರ್ಡು ನಾಲ್ಕು ಎಣಿಕೆಗೊಮ್ಮೆ ಬದಲಾಗುತ್ತದೆ. ಸಿ ಸ್ವರವೇ ಷಡ್ಜ (ಸ) ಆದರೆ, ಸಿ ಕಾರ್ಡಿನಲ್ಲಿ ಸ-ಗ-ಪ, ಜಿಯಲ್ಲಿ ಪ-ನಿ-ರಿ, ಎ ಮೈನರಿನಲ್ಲಿ ದ-ಸ-ಗ, ಎಫ್‌ನಲ್ಲಿ ಮ-ದ-ಸ. ಸಿ ಕಾರ್ಡಿನ ಮೇಲೆ ಮಧ್ಯಮವನ್ನು (ಮ) ಎಳೆದು ನಿಲ್ಲಿಸಿ: ಅರ್ಧ ಸ್ವರದಷ್ಟೇ ದೂರದ ಗಾಂಧಾರದೊಡನೆ (ಗ) ಜಗಳಕ್ಕೆ ಬೀಳುತ್ತದೆ. ಎಫ್ ಬಂದೊಡನೆ ಅದೇ ಮಧ್ಯಮ ಮನೆಯ ಯಜಮಾನ.

ಗೆಳೆಯನ ಗಿಟಾರನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಕೀಬೋರ್ಡ್ ಮುಚ್ಚಿಟ್ಟು, ಕಾರ್ಡಿಗೊಂದೇ ಸ್ವರದಂತೆ ಗ, ರಿ, ಸ, ಮಂದ್ರದ (ಕೆಳಸ್ಥಾಯಿಯ) ದ ಎಂದು ಬಾಯಲ್ಲಿ ಹಾಡಿ. ನಾಲ್ಕೂ ಆಯಾ ಕಾರ್ಡಿನೊಳಗಿನ ಸ್ವರಗಳೇ. ಅದು ಗಂಟಲಿಗೆ ಕೂತ ಮೇಲೆ ನಡುವಿನ ಎಣಿಕೆಗಳಲ್ಲಿ ಇಷ್ಟ ಬಂದಂತೆ ಓಡಾಡಿ, ಕಾರ್ಡು ಬದಲಾಗುವ ಗಳಿಗೆಗೆ ಮಾತ್ರ ಆ ಸ್ವರಕ್ಕೆ ಬಂದು ಸೇರಿ. ಭಯವಾದರೆ ಮೋಹನ ರಾಗ ಹಿಡಿಯಿರಿ. ತಂಟೆಕೋರ ಮ, ನಿ ಎರಡೂ ಅದರಲ್ಲಿಲ್ಲ. ಆದರೆ ಅಲ್ಲೇ ನೆಲೆಸಬೇಡಿ. ಜಿ ಕಾರ್ಡಿನ ಮೇಲೆ ಬೇಕೆಂದೇ ಷಡ್ಜವನ್ನು ತುಸು ಹಿಡಿದು ನಿಷಾದಕ್ಕೆ ಇಳಿಸುವ ಸುಖ ಮೋಹನದಲ್ಲಿ ಸಿಗುವುದಿಲ್ಲ. ಕರ್ಕಶವನ್ನು ಕಂಡು ಓಡುವುದಕ್ಕಿಂತ ಅದನ್ನು ಬಿಡಿಸುವುದನ್ನು ಕಲಿಯುವುದು ಮೇಲು.

ಇನ್ನೊಂದು ಮಾತು. ಪ್ರತಿ ಸುತ್ತನ್ನೂ ಷಡ್ಜಕ್ಕೇ ತಂದು ಮುಗಿಸುವುದು ನಮ್ಮ ಜಿಲ್ಲೆಯ ಆರ್ಕೆಸ್ಟ್ರಾಗಳ ಹಳೆಯ ಚಾಳಿ. ಎಫ್‌ನಲ್ಲಿ ಧೈವತದ ಮೇಲೆ ನಿಂತರೆ ಕೇಳುಗ ಮುಂದಿನ ಸುತ್ತಿಗೆ ಕಾಯುತ್ತಾನೆ. ನಡುನಡುವೆ ಸುಮ್ಮನಿರಿ. ಗುಬ್ಬಿ ವೀರಣ್ಣನವರ ಊರಿನವರು ನೀವು: ಹಾಡುವ ನಟ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಹೇಗೆ ನುಸುಳುತ್ತಿದ್ದರೆಂದು ಊರಿನ ಹಿರಿಯರನ್ನು ಕೇಳಿ.

ಪ್ರಶ್ನೆ: ಕೀಬೋರ್ಡಿನಲ್ಲಿ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು, ಸಾಧ್ಯವೇ, ಸರ್?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ಎಡಗೈ ಪಕ್ಕದ ಪಿಚ್ ಬೆಂಡ್ ಚಕ್ರದಿಂದ ಒಂದು ಮಟ್ಟಿಗೆ ಸಾಧ್ಯ, ತಾಯಿ. ಸಾಮಾನ್ಯವಾಗಿ ಅದು ಮೇಲಕ್ಕೆ, ಕೆಳಕ್ಕೆ ಎರಡೆರಡು ಅರ್ಧಸ್ವರ ಜಾರಿಸುತ್ತದೆ. ಒಂದೊಂದೇ ಸ್ವರ ನುಡಿಸುವಾಗ ಬಳಸು. ಕಾರ್ಡು ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಅದರ ಸ್ವರಗಳೆಲ್ಲ ಒಟ್ಟಿಗೆ ಜಾರುತ್ತವೆ.